ಚಾಟ್‌ನಲ್ಲಿ ಬಣ್ಣದ ಅಕ್ಷರ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪತ್ರಗಳು ಒಂದೇ ವಿಷಯ ಕೇಳಿವೆ. ಆನ್‌ಲೈನ್ ಆಟದ ಚಾಟ್‌ನಲ್ಲಿ ಕೆಲವರ ಅಕ್ಷರ ಕೆಂಪು, ಹಳದಿ, ದಪ್ಪ ಎಲ್ಲ ಕಾಣುತ್ತದೆ, ನಮ್ಮದು ಮಾತ್ರ ಬಿಳಿ, ಇದು ಹೇಗೆ ಅಂತ. ಹಾಗಾಗಿ ಇಡೀ ಅಂಕಣವನ್ನು ಇದಕ್ಕೇ ಬಿಟ್ಟಿದ್ದೇನೆ. ಬಣ್ಣ ತರಲು ಬ್ರಾಕೆಟ್ ಒಳಗೆ ಬರೆಯುವ ಪುಟ್ಟ ಕೋಡಿಗೆ ಟ್ಯಾಗ್ ಅನ್ನುತ್ತಾರೆ. ಓದುವ ಮುಂಚೆ ಒಂದು ಸೂಚನೆ: ಟ್ಯಾಗ್‌ಗಳಲ್ಲಿ ಬರುವ ಇಂಗ್ಲಿಷ್ ಅಕ್ಷರಗಳ ಹೆಸರನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. [ಬಿ] ಎಂದು ಇದ್ದರೆ ನೀವು ಇಂಗ್ಲಿಷ್ ಕೀಬೋರ್ಡಿನ ಬಿ ಒತ್ತಬೇಕು. ಚೌಕ ಬ್ರಾಕೆಟ್ ಮತ್ತು ಚಿಹ್ನೆಗಳು ಇದ್ದ ಹಾಗೇ.

ಪ್ರಶ್ನೆ: ಅಣ್ಣ, ಫ್ರೀ ಫೈರ್ ಮ್ಯಾಕ್ಸ್‌ನಲ್ಲಿ ನನ್ನ ಫ್ರೆಂಡ್ ಬರೆದದ್ದು ಕೆಂಪಾಗಿ ದಪ್ಪಗೆ ಕಾಣುತ್ತೆ. ಅವನು ಹೇಳಿದ ಹಾಗೇ ನಾನು ಬರೆದರೆ ಬ್ರಾಕೆಟ್ ಸಮೇತ ಕೋಡೇ ಕಾಣುತ್ತೆ. ಎಲ್ಲಿ ತಪ್ಪುತ್ತಿದೆ? (ಪಿಯುಸಿ ವಿದ್ಯಾರ್ಥಿ, ತುಮಕೂರು)

ಮೊದಲು ಈ ಟ್ಯಾಗ್ ಏನು ಮಾಡುತ್ತದೆ ಅಂತ ತಿಳಿದರೆ ತಪ್ಪು ಹುಡುಕುವುದು ಸುಲಭ. ನೀನು ಕಳಿಸುವುದು ಬರೀ ಅಕ್ಷರಗಳ ಸಾಲು. ಅದರಲ್ಲಿ ಬಣ್ಣ ಇರುವುದಿಲ್ಲ. ಆ ಸಾಲನ್ನು ಪರದೆ ಮೇಲೆ ಬಿಡಿಸುವಾಗ ಆಟವು ಬ್ರಾಕೆಟ್ ಕಂಡ ಕಡೆ ನಿಂತು, ಇದು ನನಗೆ ಕೊಟ್ಟ ಸೂಚನೆಯಾ ಅಂತ ನೋಡುತ್ತದೆ. ಸೂಚನೆ ಅಂತ ಗುರುತು ಸಿಕ್ಕಿದರೆ ಅದನ್ನು ನುಂಗಿ, ಮುಂದಿನ ಅಕ್ಷರಗಳಿಗೆ ಬಣ್ಣ ಹಾಕುತ್ತದೆ. ಗುರುತು ಸಿಗದಿದ್ದರೆ ಮಾಮೂಲಿ ಅಕ್ಷರದಂತೆ ತೋರಿಸಿಬಿಡುತ್ತದೆ. ನಿನಗೆ ಆಗುತ್ತಿರುವುದು ಇದೇ.

ನಿನ್ನ ಸ್ನೇಹಿತ ಬಳಸುತ್ತಿರುವುದು ಬಹುಶಃ [ಬಿ][ಸಿ][ಎಫ್‌ಎಫ್0000] ಎಂಬ ಸಾಲು. ಇದರಲ್ಲಿ [ಬಿ] ದಪ್ಪ ಅಕ್ಷರಕ್ಕೆ. [ಐ] ಹಾಕಿದರೆ ವಾಲಿದ ಅಕ್ಷರ. ಈ ಶೈಲಿಯ ಟ್ಯಾಗ್‌ಗಳು ಆಟ ತಯಾರಿಸಲು ಬಳಸುವ ಯೂನಿಟಿ ಎಂಜಿನ್‌ನ ಜೊತೆ ಬಳಸುವ ಎನ್‌ಜಿಯುಐ ಎಂಬ ಹಳೆಯ ಪ್ಯಾಕೇಜಿನಲ್ಲೂ ಇವೆ. ಅಲ್ಲಿ [ಸಿ] ಅಂದರೆ 'ಈ ಪೆಟ್ಟಿಗೆಗೆ ಮೊದಲೇ ಇಟ್ಟಿರುವ ಬಣ್ಣವನ್ನು ಬೆರೆಸಬೇಡ, ನಾನು ಕೊಟ್ಟ ಬಣ್ಣವನ್ನೇ ಹಾಕು' ಎಂದು ಅರ್ಥ. ಅದನ್ನು ಬಿಟ್ಟರೆ ಕೆಲವು ಕಡೆ ಬಣ್ಣ ಮಂಕಾಗಿ ಬರಬಹುದು. ಬ್ರಾಕೆಟ್ ಒಳಗೆ ಬರೀ ಒಂದು ಅಡ್ಡಗೆರೆ, ಅಂದರೆ [-] ಹಾಕಿದರೆ ಹಿಂದಿನ ಬಣ್ಣಕ್ಕೆ ವಾಪಸ್ ಹೋಗುತ್ತದೆ.

ಇನ್ನು ಆ ಆರು ಅಕ್ಷರ. ಮೊದಲ ಎರಡು ಕೆಂಪು, ನಡುವಿನ ಎರಡು ಹಸಿರು, ಕೊನೆಯ ಎರಡು ನೀಲಿ. ಪ್ರತಿ ಜೋಡಿಯೂ 00 ಇಂದ ಎಫ್‌ಎಫ್ ತನಕ ಹೋಗುತ್ತದೆ, ಅಂದರೆ ನಮ್ಮ ಲೆಕ್ಕದಲ್ಲಿ 0 ಇಂದ 255. 9 ಆದ ಮೇಲೆ ಎ, ಬಿ, ಸಿ, ಡಿ, ಇ, ಎಫ್ ಬರುತ್ತವೆ, ಜಿ ಇಲ್ಲ. ಮೂರನ್ನೂ ಸೇರಿಸಿದರೆ 1,67,77,216 ಬಣ್ಣ. ಆದ್ದರಿಂದ ಎಫ್‌ಎಫ್0000 ಪೂರ್ತಿ ಕೆಂಪು, 00ಎಫ್‌ಎಫ್00 ಪೂರ್ತಿ ಹಸಿರು, ಎರಡನ್ನೂ ಬೆರೆಸಿದ ಎಫ್‌ಎಫ್‌ಎಫ್‌ಎಫ್00 ಹಳದಿ. ಇಷ್ಟು ಗೊತ್ತಾದರೆ ಯೂಟ್ಯೂಬ್‌ನಲ್ಲಿ ಕೋಡ್ ಪಟ್ಟಿ ಹುಡುಕುತ್ತಾ ಕೂರಬೇಕಿಲ್ಲ, ನಿನಗೆ ಬೇಕಾದ ಬಣ್ಣ ನೀನೇ ಕಲಸಬಹುದು.

ತಪ್ಪು ಎಲ್ಲಿರಬಹುದು? ಜಾಸ್ತಿ ಜನ ಎಡವುವುದು ಸೊನ್ನೆಯಲ್ಲಿ. ಸೊನ್ನೆಯ ಬದಲು ಇಂಗ್ಲಿಷಿನ ಓ ಅಕ್ಷರ ಒತ್ತಿರುತ್ತಾರೆ, ಕಣ್ಣಿಗೆ ಒಂದೇ ಥರ ಕಾಣುತ್ತದೆ, ಆಟಕ್ಕೆ ಅದು ಬೇರೆಯೇ. ಕನ್ನಡ ಕೀಬೋರ್ಡ್ ಆನ್ ಇದ್ದರೆ ಕನ್ನಡದ ೦ ಬಂದಿರಬಹುದು, ಅದೂ ನಡೆಯುವುದಿಲ್ಲ. ಆರರ ಬದಲು ಐದೇ ಅಕ್ಷರ ಆಗಿರಬಹುದು. ಕೀಬೋರ್ಡ್ ತಾನಾಗಿ ತಿದ್ದಿ ಬ್ರಾಕೆಟ್ ನಡುವೆ ಒಂದು ಸ್ಪೇಸ್ ತುರುಕಿರಬಹುದು. ಸುತ್ತು ಬ್ರಾಕೆಟ್ ಹಾಕಿದ್ದರೂ ಆಗುವುದಿಲ್ಲ, ಚೌಕವೇ ಬೇಕು. ಇನ್ನೊಂದು, ಸಂದೇಶಕ್ಕೆ ಉದ್ದದ ಮಿತಿ ಇರುತ್ತದೆ, ಟ್ಯಾಗಿನ ಅಕ್ಷರಗಳೂ ಆ ಲೆಕ್ಕಕ್ಕೇ ಸೇರುತ್ತವೆ. ಮಿತಿ ಮುಗಿದ ಕಡೆ ಟ್ಯಾಗ್ ಅರ್ಧಕ್ಕೆ ಕತ್ತರಿಸಿಹೋದರೆ ಆ ಅರ್ಧ ತುಂಡೇ ಪರದೆ ಮೇಲೆ ಉಳಿಯುತ್ತದೆ.

ಇಷ್ಟೂ ಸರಿ ಇದ್ದು ಬರದಿದ್ದರೆ ಆ ಪೆಟ್ಟಿಗೆ ಟ್ಯಾಗ್ ಓದುವುದಿಲ್ಲ ಅಂತಲೇ ಅರ್ಥ. ಪ್ರೊಫೈಲಿನ ಬಯೋದಲ್ಲಿ ನಡೆಯುವುದು ಚಾಟ್‌ನಲ್ಲಿ ನಡೆಯಲೇಬೇಕು ಅಂತೇನಿಲ್ಲ. ಯಾವ ಜಾಗದಲ್ಲಿ ಟ್ಯಾಗ್ ಓದಬೇಕು ಅನ್ನುವುದು ಆಟ ಮಾಡಿದವರ ಕೈಯಲ್ಲಿದೆ, ಒಂದು ಅಪ್‌ಡೇಟ್ ಬಂದರೆ ಬದಲಾಗಬಹುದು. ಅದಕ್ಕಾಗಿ ಬೇರೆ ಆ್ಯಪ್ ಹಾಕಿಕೊಳ್ಳುವುದು, ಬೇರೆಯವರು ತಿದ್ದಿ ಬದಲಿಸಿದ (ಮಾಡ್ ಮಾಡಿದ) ಆಟದ ಫೈಲ್ ಇಳಿಸುವುದು ಬೇಡವೇ ಬೇಡ. ಬಣ್ಣದ ಆಸೆಗೆ ವರ್ಷಗಟ್ಟಲೆ ಆಡಿದ ಐಡಿ ಬ್ಯಾನ್ ಆಗುವುದು ನ್ಯಾಯವಲ್ಲ, ಅಲ್ವಾ?

ಪ್ರಶ್ನೆ: ನಮ್ಮ ಗಿಲ್ಡ್‌ನಲ್ಲಿ (ಆಟದೊಳಗಿನ ನಮ್ಮ ಗುಂಪು) ಎಲ್ಲರೂ ಮಂಡ್ಯ, ಮದ್ದೂರು ಕಡೆಯವರು. ನವೆಂಬರ್ ಒಂದಕ್ಕೆ ರಾಜ್ಯೋತ್ಸವದ ಶುಭಾಶಯವನ್ನು ಹಳದಿ ಕೆಂಪಿನಲ್ಲಿ ಹಾಕಬೇಕು. ಕೆಂಪು ಭಾಗ ಸರಿಯಾಗಿ ಕಾಣಲ್ಲ ಅಂತ ಎಲ್ಲರೂ ಹೇಳ್ತಾರೆ. ಏನು ಮಾಡೋದು? (ಗಿಲ್ಡ್ ಲೀಡರ್, ಮಂಡ್ಯ)

ನಿಮ್ಮ ಗಿಲ್ಡ್‌ನವರು ಹೇಳಿದ್ದು ನಿಜ. ಚಾಟ್ ಪೆಟ್ಟಿಗೆಯ ಹಿನ್ನೆಲೆ ಸಾಮಾನ್ಯವಾಗಿ ಕಪ್ಪು. ಅಕ್ಷರದ ಬೆಳಕಿಗೂ ಹಿನ್ನೆಲೆಯ ಬೆಳಕಿಗೂ ಎಷ್ಟು ಅಂತರ ಇದೆ ಅಂತ ಅಳೆಯುವ ಒಂದು ಪದ್ಧತಿ ವೆಬ್ ಪುಟ ಮಾಡುವವರಲ್ಲಿ ಇದೆ. ಆ ಅಳತೆಯಲ್ಲಿ ಮಾಮೂಲಿ ಗಾತ್ರದ ಅಕ್ಷರ ಆರಾಮಾಗಿ ಓದಲು ಕನಿಷ್ಠ 4.5 ಇರಬೇಕು. ಕಪ್ಪಿನ ಮೇಲೆ ಪೂರ್ತಿ ಹಳದಿಗೆ 19.5 ದಾಟುತ್ತದೆ. ಪೂರ್ತಿ ಕೆಂಪಿಗೆ ಬರೀ 5.25. ಪೂರ್ತಿ ನೀಲಿಗೆ 2.44, ಅಂದರೆ ಓದಲು ಆಗುವುದೇ ಇಲ್ಲ. ಹಳದಿ ಪಕ್ಕದಲ್ಲಿ ಕೆಂಪು ಇಟ್ಟಾಗ ಕಣ್ಣು ಹಳದಿಗೇ ಹೋಗುತ್ತದೆ, ಕೆಂಪು ಹಿಂದೆ ಬೀಳುತ್ತದೆ.

ಪೂರ್ತಿ ಕೆಂಪಿನ ಬದಲು ಎಫ್‌ಎಫ್5555 ಹಾಕಿ ನೋಡಿ. ನೋಡುವವರಿಗೆ ಕೆಂಪೇ, ಆದರೆ ಅಳತೆ 6.7ರ ಹತ್ತಿರ ಹೋಗುತ್ತದೆ. ಹಳದಿಗೆ ಎಫ್‌ಎಫ್‌ಡಿ700 ಹಾಕಿದರೆ ನಿಂಬೆ ಹಳದಿ ಹೋಗಿ ಅರಿಶಿನದ ಬಣ್ಣಕ್ಕೆ ಹತ್ತಿರ ಬರುತ್ತದೆ. ನನಗಂತೂ ನಮ್ಮ ಬಾವುಟಕ್ಕೆ ಅದೇ ಹೊಂದುತ್ತದೆ ಅನಿಸುತ್ತದೆ.

ದಯವಿಟ್ಟು ಒಂದೊಂದು ಅಕ್ಷರಕ್ಕೂ ಬಣ್ಣ ಬದಲಿಸಬೇಡಿ. ಒಂದು ಬಣ್ಣದ ಟ್ಯಾಗ್ ಬ್ರಾಕೆಟ್ ಸೇರಿ 8 ಅಕ್ಷರ ತಿನ್ನುತ್ತದೆ. ಹತ್ತು ಸಲ ಬದಲಿಸಿದರೆ 80 ಅಕ್ಷರ ಸುಮ್ನೆ ಹೋಯಿತು, ಶುಭಾಶಯಕ್ಕೆ ಜಾಗವೇ ಉಳಿಯುವುದಿಲ್ಲ. ಮೊದಲ ಪದ ಹಳದಿ, ಎರಡನೇ ಪದ ಕೆಂಪು, ಸಾಕು. ಗಿಲ್ಡ್‌ನಲ್ಲಿ ಕೆಂಪು ಹಸಿರಿನ ವ್ಯತ್ಯಾಸ ಕಾಣದವರೂ ಇರಬಹುದು, ಗಂಡಸರಲ್ಲಿ ಇದು ಹೆಂಗಸರಿಗಿಂತ ಜಾಸ್ತಿ. ಶುಭಾಶಯಕ್ಕೆ ಅದರಿಂದ ತೊಂದರೆ ಇಲ್ಲ. ಆದರೆ ಮ್ಯಾಚ್ ನಡೆಯುವಾಗ 'ಕೆಂಪಲ್ಲಿ ಬರೆದರೆ ಓಡಿ, ಹಸಿರಲ್ಲಿ ಬರೆದರೆ ಬನ್ನಿ' ಅನ್ನುವ ಥರ ಸಂಕೇತ ಮಾಡಿಕೊಳ್ಳಬೇಡಿ. ಪದದಲ್ಲೇ ಬರೆಯಿರಿ.

ಪ್ರಶ್ನೆ: ಹಾಸ್ಟೆಲ್‌ನಲ್ಲಿ ಸ್ನೇಹಿತರಿಗೆ ಅಂತ ಮೈನ್‌ಕ್ರಾಫ್ಟ್ ಜಾವಾ ಸರ್ವರ್ ನಡೆಸುತ್ತಿದ್ದೇನೆ. ಬಣ್ಣಕ್ಕೆ § ಚಿಹ್ನೆ ಹಾಕಬೇಕು ಅಂತ ಎಲ್ಲ ಕಡೆ ಬರೆದಿದೆ, ಆದರೆ ಚಾಟ್‌ನಲ್ಲಿ ಅದು ಬರುವುದೇ ಇಲ್ಲ. ಫೋನ್‌ನಲ್ಲಿ ಆಡುವ ನನ್ನ ತಮ್ಮನಿಗೆ ಬರುತ್ತೆ. ಯಾಕೆ ಹೀಗೆ? (ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು)

ಎರಡೂ ಮೈನ್‌ಕ್ರಾಫ್ಟೇ, ಆದರೆ ಎರಡು ಬೇರೆ ಬೇರೆ ಪ್ರೋಗ್ರಾಂ. ನಿಮ್ಮ ತಮ್ಮ ಆಡುವುದು ಬೆಡ್‌ರಾಕ್. ಅದರಲ್ಲಿ § ಒತ್ತಿ, ಪಕ್ಕದಲ್ಲೇ ಒಂದು ಅಕ್ಷರ ಕೊಟ್ಟರೆ ಬಣ್ಣ ಬರುತ್ತದೆ. ಜಾವಾದಲ್ಲಿ ಆಟಗಾರರು ಚಾಟ್‌ನಲ್ಲಿ § ಕಳಿಸುವುದಕ್ಕೆ ಬಿಡುವುದಿಲ್ಲ. ಹೇಗೋ ಮಾಡಿ ಕಳಿಸಿದರೂ ಸರ್ವರ್ ನಿಮ್ಮನ್ನೇ ಹೊರಗೆ ಹಾಕುತ್ತದೆ. ಕಾರಣ ಇದೆ: ಯಾರು ಬೇಕಾದರೂ ಬಣ್ಣ ಹಾಕಬಹುದಾದರೆ ಯಾರು ಬೇಕಾದರೂ ಸರ್ವರಿನ ಪ್ರಕಟಣೆಯ ವೇಷ ಹಾಕಬಹುದು.

ಜಾವಾದಲ್ಲಿ ದಾರಿ ಸರ್ವರ್ ಕಡೆಯಿಂದ. ನೀವು ಓಡಿಸುತ್ತಿರುವುದು ಪೇಪರ್ ಅಥವಾ ಸ್ಪಿಗಾಟ್ ಎಂಬ ಸರ್ವರ್ ಪ್ರೋಗ್ರಾಂ ಆಗಿದ್ದರೆ ಎಸೆನ್ಷಿಯಲ್ಸ್ಎಕ್ಸ್ ಎಂಬ ಪ್ಲಗಿನ್ (ಸರ್ವರಿಗೆ ಸೇರಿಸುವ ಹೆಚ್ಚುವರಿ ಪ್ರೋಗ್ರಾಂ) ಮತ್ತು ಅದರ ಚಾಟ್ ಭಾಗವನ್ನು ಹಾಕಿಕೊಳ್ಳಿ. ಆಗ ಆಟಗಾರರು § ಬದಲು & ಬರೆಯುತ್ತಾರೆ, ಪ್ಲಗಿನ್ ಅದನ್ನು ಬದಲಿಸಿ ಕಳಿಸುತ್ತದೆ. ಯಾರಿಗೆ ಬಣ್ಣದ ಅನುಮತಿ, ಯಾರಿಗೆ ದಪ್ಪ ಅಕ್ಷರದ ಅನುಮತಿ ಅಂತ ಬೇರೆ ಬೇರೆ ಕೊಡಬಹುದು. ನನ್ನ ಸಲಹೆ ಕೇಳುವುದಾದರೆ ಬಣ್ಣ ಎಲ್ಲರಿಗೂ ಕೊಡಿ. ಕೆ ಅಕ್ಷರದ ಅನುಮತಿ ಯಾರಿಗೂ ಕೊಡಬೇಡಿ. ಅದು ಅಕ್ಷರಗಳನ್ನು ಪಟಪಟ ಬದಲಿಸುತ್ತಾ ಕುಣಿಸುತ್ತದೆ, ಚಾಟ್ ನೋಡುತ್ತಾ ಕೂತವರ ತಲೆ ನೋಯುತ್ತದೆ.

ಹಳೆಯ ಬಣ್ಣಗಳು 16. ಅಂಕಿ 0 ಕಪ್ಪು, ಅಕ್ಷರ ಎಫ್ ಬಿಳಿ, ನಡುವೆ ಸಿ ಕೆಂಪು, ಎ ಹಸಿರು, ಇ ಹಳದಿ, 6 ಬಂಗಾರದ ಬಣ್ಣ, 7 ಬೂದು. ಎಲ್ ದಪ್ಪ ಅಕ್ಷರಕ್ಕೆ, ಓ ವಾಲಿದ್ದಕ್ಕೆ, ಎನ್ ಅಡಿಗೆರೆಗೆ, ಎಂ ಹೊಡೆದುಹಾಕಿದ ಗೆರೆಗೆ, ಆರ್ ಎಲ್ಲವನ್ನೂ ಅಳಿಸಿ ಮಾಮೂಲಿಗೆ ತರುವುದಕ್ಕೆ. ಜಾವಾದಲ್ಲಿ ಒಂದು ವಿಷಯ ನೆನಪಿರಲಿ: ಬಣ್ಣದ ಕೋಡ್ ಬಂದ ತಕ್ಷಣ ಹಿಂದಿನ ದಪ್ಪ, ಓರೆ ಎಲ್ಲ ರದ್ದಾಗುತ್ತದೆ. ಹಾಗಾಗಿ ಮೊದಲು ಬಣ್ಣ, ಆಮೇಲೆ ದಪ್ಪ. &ಸಿ&ಎಲ್ ಅಂದರೆ ಕೆಂಪು ದಪ್ಪ ಅಕ್ಷರ. &ಎಲ್&ಸಿ ಅಂದರೆ ಬರೀ ಕೆಂಪು. 'ದಪ್ಪ ಬರ್ತಿಲ್ಲ' ಅಂತ ಬರುವ ದೂರುಗಳಲ್ಲಿ ಇದು ತುಂಬಾ ಸಾಮಾನ್ಯ. ಬೆಡ್‌ರಾಕ್‌ನಲ್ಲಿ ಹೀಗೆ ರದ್ದಾಗುವುದಿಲ್ಲ, ಅಲ್ಲಿ ಎಂ ಮತ್ತು ಎನ್‌ಗೂ ಈ ಗೆರೆಗಳ ಅರ್ಥ ಇಲ್ಲ. ಅದಕ್ಕೇ ತಮ್ಮನ ಕೋಡ್ ನಿಮಗೆ, ನಿಮ್ಮದು ತಮ್ಮನಿಗೆ ಸರಿಹೋಗದೆ ಇರಬಹುದು.

16 ಬಣ್ಣ ಸಾಲದು ಅಂದರೆ, 2020ರಲ್ಲಿ ಬಂದ 1.16 ಆವೃತ್ತಿಯಿಂದ ಆರಕ್ಷರದ ಬಣ್ಣಗಳೂ ಬಂದಿವೆ. ಆದರೆ ಅವನ್ನು ಟೆಲ್‌ರಾ ಆಜ್ಞೆಯಿಂದಲೋ ಪ್ಲಗಿನ್ ಮೂಲಕವೋ ಕೊಡಬೇಕು. ಪೇಪರ್‌ನಲ್ಲಿ ಮಿನಿಮೆಸೇಜ್ ಎಂಬ ಬರೆಯುವ ರೀತಿಯೂ ಇದೆ. ಅದರಲ್ಲಿ < > ನಡುವೆ ಬಣ್ಣದ ಹೆಸರನ್ನೇ ಬರೆಯಬಹುದು, ಒಂದು ಬಣ್ಣದಿಂದ ಇನ್ನೊಂದಕ್ಕೆ ಕರಗುವ ಹಾಗೂ ಮಾಡಬಹುದು. ಸರ್ವರಿಗೆ ಸೇರಿದವರನ್ನು ಸ್ವಾಗತಿಸುವ ಸಾಲಿಗೆ ಇದು ಚೆನ್ನಾಗಿರುತ್ತದೆ.

ಪ್ರಶ್ನೆ: ನಾನು ಆರನೇ ಕ್ಲಾಸ್. ರೋಬ್ಲಾಕ್ಸ್ ಚಾಟ್‌ನಲ್ಲಿ ಕೆಲವರ ಹೆಸರಿನ ಹಿಂದೆ ಬಣ್ಣದಲ್ಲಿ ವಿಐಪಿ ಅಂತ ಬರುತ್ತೆ. ನಾನು ಫಾಂಟ್ ಕೋಡ್ ಟೈಪ್ ಮಾಡಿದರೆ ಬರಲ್ಲ. (ಉಡುಪಿ)

ಪುಟ್ಟ, ಅದು ಟೈಪ್ ಮಾಡಿ ಬರುವುದಲ್ಲ. ಆ ಆಟ ಮಾಡಿದವರು ತಮ್ಮ ಪ್ರೋಗ್ರಾಂನಲ್ಲಿ ಆ ಹೆಸರಿಗೆ ಬಣ್ಣ ಹಾಕಿರುತ್ತಾರೆ. ನೀನು ಟೈಪ್ ಮಾಡಿದ್ದು ಅಕ್ಷರವಾಗಿಯೇ ಕಾಣುತ್ತದೆ. ಆಸೆ ಇದ್ದರೆ ದೊಡ್ಡವರ ಜೊತೆ ಕೂತು ರೋಬ್ಲಾಕ್ಸ್ ಸ್ಟುಡಿಯೋದಲ್ಲಿ ನಿನ್ನದೇ ಒಂದು ಸಣ್ಣ ಆಟ ಮಾಡು. ಅದರಲ್ಲಿ ನಿನ್ನ ಹೆಸರಿಗೆ ನೀನೇ ಬಣ್ಣ ಹಾಕಬಹುದು, ನಿಜವಾಗಿಯೂ ಕಷ್ಟ ಇಲ್ಲ. 'ವಿಐಪಿ ಕೊಡ್ತೀನಿ, ಪಾಸ್‌ವರ್ಡ್ ಹೇಳು' ಅಂತ ಯಾರಾದರೂ ಕೇಳಿದರೆ ಹೇಳಬೇಡ, ಅಪ್ಪ ಅಮ್ಮನಿಗೆ ತೋರಿಸು.

ಪ್ರಶ್ನೆ: ಆಗ ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ನಾವು ಕಾಲ್ ಆಫ್ ಡ್ಯೂಟಿ 4 ಆಡುವಾಗ ಹೆಸರಿಗೆ ^1 ಹಾಕಿ ಕೆಂಪು ಮಾಡುತ್ತಿದ್ದೆವು. ಈಗಿನ ಹುಡುಗರು ಇದೆಲ್ಲ ಹೊಸದು ಅಂದುಕೊಂಡಿದ್ದಾರೆ. ಇದು ಎಲ್ಲಿಂದ ಬಂತು? (ಐಟಿ ಉದ್ಯೋಗಿ, ಬೆಂಗಳೂರು)

ನಿಮ್ಮ ಪತ್ರ ಓದಿ ಖುಷಿಯಾಯಿತು. ಆ ^ ಚಿಹ್ನೆ 1999ರಲ್ಲಿ ಬಂದ ಕ್ವೇಕ್ 3 ಅರೀನಾದಲ್ಲಿ ಇತ್ತು. ಕಾಲ್ ಆಫ್ ಡ್ಯೂಟಿಯ ಮೊದಲ ಆಟ ಆ ಎಂಜಿನ್ ಮೇಲೆಯೇ ಕಟ್ಟಿದ್ದು, ಹಾಗಾಗಿ ಬಣ್ಣದ ರೀತಿಯೂ ಜೊತೆಗೆ ಬಂತು. 1 ಕೆಂಪು, 2 ಹಸಿರು, 3 ಹಳದಿ, 4 ನೀಲಿ, 7 ಬಿಳಿ. ಎರಡೇ ಅಕ್ಷರದಲ್ಲಿ ಬಣ್ಣ. ಅಷ್ಟು ಚಿಕ್ಕದಾಗಿ ಮುಗಿಸುವ ಪದ್ಧತಿ ಈಗ ಕಡಿಮೆ.

ಅದಕ್ಕೂ ಮೊದಲು ಐಆರ್‌ಸಿ ಎಂಬ ಹಳೆಯ ಚಾಟ್‌ನಲ್ಲಿ, ಎಂಐಆರ್‌ಸಿ ಪ್ರೋಗ್ರಾಂನಲ್ಲಿ ಕಂಟ್ರೋಲ್ ಜೊತೆ ಕೆ ಒತ್ತಿ ಬಣ್ಣದ ಅಂಕಿ ಕೊಡುತ್ತಿದ್ದರು. ಚೌಕ ಬ್ರಾಕೆಟ್‌ನ ಟ್ಯಾಗ್‌ಗಳು ಬಿಬಿಕೋಡ್ ಎಂಬ ಹೆಸರಿನಲ್ಲಿ 1998ರ ಸುಮಾರಿಗೆ ಶುರುವಾದವು. ಫ್ರಾನ್ಸಿನ ನಡಿಯೋ ಮಾಡಿದ ಟ್ರ್ಯಾಕ್‌ಮೇನಿಯಾ ಕಾರ್ ರೇಸ್‌ನಲ್ಲಿ $ ಚಿಹ್ನೆ ಹಾಕಿ ಮೂರೇ ಅಕ್ಷರದಲ್ಲಿ ಬಣ್ಣ ಕೊಡುತ್ತಾರೆ, $ಎಫ್00 ಅಂದರೆ ಕೆಂಪು. ಅಗಲ ಅಕ್ಷರಕ್ಕೆ $ಡಬ್ಲ್ಯು, ಕಿರಿದಕ್ಕೆ $ಎನ್, ನೆರಳಿಗೆ $ಎಸ್. ಅಲ್ಲಿನ ಆಟಗಾರರ ಹೆಸರುಗಳನ್ನು ನೋಡುವುದೇ ಒಂದು ಚಂದ. ಇನ್ನೊಂದು ಕಡೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಇದೆ. ಅಲ್ಲಿ ಬಣ್ಣ ಅಲಂಕಾರಕ್ಕಲ್ಲ. ವಸ್ತುವಿನ ಹೆಸರು ಬೂದು ಬಣ್ಣದಲ್ಲಿದ್ದರೆ ಕಳಪೆ, ಹಸಿರಿದ್ದರೆ ಪರವಾಗಿಲ್ಲ, ನೀಲಿ ಅಪರೂಪ, ನೇರಳೆ ಇನ್ನೂ ಮೇಲು, ಕಿತ್ತಳೆ ಅಂದರೆ ದಂತಕಥೆಯ ಮಟ್ಟ. ಚಾಟ್‌ನಲ್ಲಿ ಯಾರಾದರೂ ಒಂದು ಕತ್ತಿಯ ಹೆಸರು ಹಾಕಿದರೆ ಬಣ್ಣ ನೋಡಿಯೇ ಬೆಲೆ ಗೊತ್ತಾಗುತ್ತದೆ. ಬಣ್ಣಕ್ಕೆ ಇಷ್ಟು ನಿಖರವಾದ ಕೆಲಸ ಕೊಟ್ಟ ಆಟ ನನಗೆ ತುಂಬಾ ಇಷ್ಟ.

ಪ್ರಶ್ನೆ: ಡಿಸ್ಕಾರ್ಡ್‌ನಲ್ಲಿ ದಪ್ಪ, ಓರೆ ಎಲ್ಲ ಬರುತ್ತೆ. ಬಣ್ಣ? (ದಾವಣಗೆರೆ)

ಡಿಸ್ಕಾರ್ಡ್ ಆಟಗಾರರು ತುಂಬಾ ಬಳಸುವ ಚಾಟ್ ಆ್ಯಪ್. ಅದರಲ್ಲಿ ಬಣ್ಣಕ್ಕೆ ನೇರವಾದ ದಾರಿ ಇಲ್ಲ. ಒಂದು ಸುತ್ತು ದಾರಿ ಇದೆ: ಮೂರು ಬ್ಯಾಕ್‌ಟಿಕ್ ಹಾಕಿ ಕೋಡ್ ಪೆಟ್ಟಿಗೆ ತೆರೆದು, ಅದಕ್ಕೆ ಆನ್ಸಿ ಎಂಬ ಹೆಸರು ಕೊಟ್ಟು, ಒಳಗೆ ಎಸ್ಕೇಪ್ ಅಕ್ಷರದ ಜೊತೆ ಅಂಕಿ ಕೊಡುವುದು. 31 ಕೆಂಪು, 32 ಹಸಿರು, 33 ಹಳದಿ, 34 ನೀಲಿ. ಎಸ್ಕೇಪ್ ಅಕ್ಷರವನ್ನು ಕೀಬೋರ್ಡಿನಿಂದ ಒತ್ತಲು ಆಗುವುದಿಲ್ಲ, ನಕಲು ಮಾಡಿ ಅಂಟಿಸಬೇಕು. ಕಂಪ್ಯೂಟರಿನಲ್ಲಿ ಕಂಡ ಬಣ್ಣ ಫೋನ್‌ನಲ್ಲಿ ಕಾಣದೆ ಇರಬಹುದು. ಟೂರ್ನಮೆಂಟ್ ಪಟ್ಟಿಗೆ ಒಮ್ಮೊಮ್ಮೆ ಬಳಸಿ. ದಿನದ ಮಾತಿಗೆ ಇದು ಬೇಡ.

ಪ್ರಶ್ನೆ: ಸ್ಟೈಲಿಶ್ ಫಾಂಟ್ ಮಾಡಿಕೊಡುವ ಆ್ಯಪ್‌ಗಳಲ್ಲಿ ಇಂಗ್ಲಿಷ್ ಹೆಸರು ಚೆನ್ನಾಗಿ ಬರುತ್ತೆ, ಕನ್ನಡ ಹಾಕಿದರೆ ಹಾಗೇ ವಾಪಸ್ ಬರುತ್ತೆ. ಆಟದಲ್ಲಿ ಕನ್ನಡ ಬರೆದರೆ ಒತ್ತಕ್ಷರ ಒಡೆದುಹೋಗುತ್ತೆ. ಕನ್ನಡಕ್ಕೆ ಮಾತ್ರ ಯಾಕೆ ಹೀಗೆ? (ಡಿಗ್ರಿ ವಿದ್ಯಾರ್ಥಿನಿ, ಶಿವಮೊಗ್ಗ)

ಒಳ್ಳೆಯ ಪ್ರಶ್ನೆ. ನಾನು ಬಹಳ ದಿನದಿಂದ ಬರೆಯಬೇಕು ಅಂದುಕೊಂಡಿದ್ದ ವಿಷಯವೂ ಹೌದು.

ಮೊದಲನೆಯದು ಆ ಆ್ಯಪ್‌ಗಳ ವಿಷಯ. ಅವು ಫಾಂಟ್ ಬದಲಿಸುವುದೇ ಇಲ್ಲ. ಗಣಿತದವರ ಬಳಕೆಗೆ ಅಂತ 2001ರಲ್ಲಿ, ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿಯಾದ ಯೂನಿಕೋಡ್‌ಗೆ ದಪ್ಪ, ಓರೆ, ಬಳ್ಳಿಯಂಥ ಇಂಗ್ಲಿಷ್ ಅಕ್ಷರಗಳ ಒಂದು ದೊಡ್ಡ ಗುಂಪನ್ನು ಸೇರಿಸಿದರು. ಆ್ಯಪ್ ಮಾಡುವುದು ಇಷ್ಟೇ, ಮಾಮೂಲಿ ಎ ತೆಗೆದು ಗಣಿತದ ಎ ಇಡುತ್ತದೆ. ಗಣಿತಕ್ಕೆ ಕನ್ನಡದ ಕ, ಖ ಯಾರೂ ಕೇಳಿರಲಿಲ್ಲ, ಹಾಗಾಗಿ ಕನ್ನಡಕ್ಕೆ ಅಂಥ ಗುಂಪು ಇಲ್ಲ. ಇಲ್ಲದಿರುವುದು ನಷ್ಟವೇನೂ ಅಲ್ಲ. ಕಣ್ಣು ಕಾಣದವರು ಬಳಸುವ ಓದುವ ಸಾಫ್ಟ್‌ವೇರ್ ಅಂಥ ಹೆಸರನ್ನು ಹೆಸರಾಗಿ ಓದದೆ, ಒಂದೊಂದು ಅಕ್ಷರವನ್ನೂ ಗಣಿತದ ದಪ್ಪಕ್ಷರ ಅಂತ ಬಿಡಿಬಿಡಿಯಾಗಿ ಹೇಳಬಹುದು. ಗೆಳತಿಯ ಹೆಸರು ಹುಡುಕಿದರೆ ಹುಡುಕಾಟದಲ್ಲೂ ಸಿಗದೆ ಹೋಗಬಹುದು.

ಎರಡನೆಯದು ಒತ್ತಕ್ಷರ. ಇಲ್ಲಿ ನಿಜವಾದ ಕೊರತೆ ಇದೆ. 'ಕನ್ನಡ' ಎಂಬ ಪದ ನಮ್ಮ ಕಣ್ಣಿಗೆ ಮೂರು ಅಕ್ಷರ. ಕಂಪ್ಯೂಟರಿನಲ್ಲಿ ಅದು ಐದು ತುಂಡು: ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಡ. ನಡುವಿನ ಮೂರನ್ನು ಸೇರಿಸಿ 'ನ್ನ' ಎಂದು ಕೆಳಗೆ ಒತ್ತು ಕೂರಿಸುವ ಕೆಲಸವನ್ನು ಬೇರೆ ಒಂದು ಪ್ರೋಗ್ರಾಂ ಮಾಡಬೇಕು. ಫೋನ್‌ನಲ್ಲಿ, ಬ್ರೌಸರಿನಲ್ಲಿ ಆ ಪ್ರೋಗ್ರಾಂ ಇರುತ್ತದೆ, ಹಾರ್ಫ್‌ಬಜ್ ಅಂತ ಒಂದು ತುಂಬಾ ಬಳಕೆಯಲ್ಲಿದೆ. ಆದರೆ ಆಟಗಳು ವೇಗಕ್ಕಾಗಿ ಅಕ್ಷರಗಳನ್ನು ತಮ್ಮದೇ ರೀತಿಯಲ್ಲಿ ಬಿಡಿಸುತ್ತವೆ. ಯೂನಿಟಿ ಆಟಗಳಲ್ಲಿ ತುಂಬಾ ಬಳಸುವ ಟೆಕ್ಸ್ಟ್‌ಮೆಶ್ ಪ್ರೋ ಈ ಜೋಡಿಸುವ ಕೆಲಸ ಮಾಡುವುದಿಲ್ಲ. ತುಂಡುಗಳನ್ನು ಬಂದ ಹಾಗೆ ಸಾಲಾಗಿ ಇಟ್ಟುಬಿಡುತ್ತದೆ. ಇಂಗ್ಲಿಷಿಗೆ ಅದು ಸಾಕು. ಕನ್ನಡ, ತೆಲುಗು, ಹಿಂದಿ ಎಲ್ಲಕ್ಕೂ ಅದರಿಂದ ತೊಂದರೆ. ಹಾಗಾಗಿ ಕನ್ನಡಕ್ಕೆ ಮಾತ್ರ ಅಲ್ಲ, ನಮ್ಮ ಅಕ್ಕಪಕ್ಕದ ಭಾಷೆಗಳಿಗೂ ಇದೇ ಕಥೆ.

ಆಟವೇ ಸರಿಯಾಗಿ ಜೋಡಿಸುವಂಥದ್ದಾಗಿದ್ದರೂ ಬಣ್ಣದ ಟ್ಯಾಗ್ ಅದನ್ನು ಕೆಡಿಸಬಹುದು. ಅಕ್ಷರದ ನಡುವೆ ಟ್ಯಾಗ್ ಬಂದರೆ ನ ಮತ್ತು ಅದರ ಒತ್ತು ಬೇರೆ ಬೇರೆ ತುಂಡಾಗುತ್ತವೆ. ರಾಜ್ಯೋತ್ಸವ ಎಂಬ ಪದದಲ್ಲಿ ಜ ಆದ ಮೇಲೆ ಬಣ್ಣ ಬದಲಿಸಿದರೆ 'ಜ್ಯೋ' ಸೇರುವುದೇ ಇಲ್ಲ. ಕನ್ನಡದಲ್ಲಿ ಬಣ್ಣವನ್ನು ಪದದಿಂದ ಪದಕ್ಕೆ ಬದಲಿಸಿ, ಪದದ ಒಳಗೆ ಬೇಡ. ಓರೆ ಅಕ್ಷರವನ್ನೂ ಬಿಡಿ. ಕನ್ನಡ ಲಿಪಿಯಲ್ಲಿ ಓರೆ ಬರಹದ ಪದ್ಧತಿ ಇಲ್ಲ, ಯಂತ್ರ ಸುಮ್ನೆ ಅಕ್ಷರವನ್ನು ತಳ್ಳಿ ವಾಲಿಸುತ್ತದೆ, ದುಂಡಗಿನ ಅಕ್ಷರ ಬೀಳುವ ಹಾಗೆ ಕಾಣುತ್ತದೆ. ದಪ್ಪ ಅಕ್ಷರ ಪರವಾಗಿಲ್ಲ, ಆದರೆ ಚಿಕ್ಕ ಪರದೆಯಲ್ಲಿ ಘ, ಛ, ಧಗಳ ಒಳಗಿನ ಬಿಳಿ ಜಾಗ ತುಂಬಿಹೋಗುತ್ತದೆ. ಕನ್ನಡಕ್ಕೆ ಬಣ್ಣವೇ ಅತ್ಯಂತ ಸುರಕ್ಷಿತ ಅಲಂಕಾರ.

ಇನ್ನೊಂದು ಮಾತು. ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಆಟಕ್ಕೆ ಅಂಟಿಸಿದರೆ ವಿಚಿತ್ರ ಇಂಗ್ಲಿಷ್ ಅಕ್ಷರ ಬರುತ್ತದೆ. ಅವುಗಳಲ್ಲಿ ಒಳಗೆ ಇರುವುದು ಇಂಗ್ಲಿಷ್ ಸಂಕೇತಗಳೇ, ಫಾಂಟ್ ಮಾತ್ರ ಕನ್ನಡ ತೋರಿಸುತ್ತದೆ. ಆಟದಲ್ಲಿ ಆ ಫಾಂಟ್ ಇರುವುದಿಲ್ಲ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ.

ಒಡೆದ ಕನ್ನಡ ಕಂಡಾಗ ಸ್ಕ್ರೀನ್‌ಶಾಟ್ ತೆಗೆದು ಆಟದ ಸಪೋರ್ಟ್‌ಗೆ ಕಳಿಸಿ. ಯಾರೂ ಹೇಳದಿದ್ದರೆ ಅವರಿಗೆ ಗೊತ್ತಾಗುವುದೇ ಇಲ್ಲ, ಅಲ್ಲಿ ಕೂತು ಪರೀಕ್ಷೆ ಮಾಡುವವರಿಗೆ ಕನ್ನಡ ಓದಲು ಬಾರದೆ ಇರಬಹುದು.

ಪ್ರಶ್ನೆ: ನಮಸ್ಕಾರ ಸರ್. ಮಗ ಆಡುವ ಆಟದಲ್ಲಿ ಕೆಂಪು ಅಕ್ಷರದಲ್ಲಿ 'ಸಿಸ್ಟಮ್' ಅಂತ ಬಂದು, ಫ್ರೀ ಡೈಮಂಡ್ ಪಡೆಯಲು ಈ ಲಿಂಕ್ ತೆರೆಯಿರಿ ಅಂತ ಇತ್ತು. ಅವನು ಕಂಪನಿಯದ್ದೇ ಅಂತ ನಂಬಿದ್ದ. ಬಣ್ಣದಲ್ಲಿ ಬಂದರೆ ಕಂಪನಿಯದ್ದೇ ಅಲ್ವಾ? (ಗೃಹಿಣಿ, ಹುಬ್ಬಳ್ಳಿ)

ಅಲ್ಲ ಮೇಡಂ. ಮೇಲಿನ ಉತ್ತರಗಳನ್ನು ಓದಿದರೆ ನಿಮಗೇ ಗೊತ್ತಾಗುತ್ತದೆ, ಕೆಂಪು ಅಕ್ಷರಕ್ಕೆ ಬೇಕಾದದ್ದು ಎಂಟು ಅಕ್ಷರದ ಒಂದು ಟ್ಯಾಗ್ ಅಷ್ಟೇ. ಯಾವ ಆಟದಲ್ಲಿ ಆಟಗಾರರ ಟ್ಯಾಗ್ ಕೆಲಸ ಮಾಡುತ್ತದೋ ಅಲ್ಲಿ 'ಸಿಸ್ಟಮ್' ಎಂಬ ಪದವನ್ನು ಯಾರು ಬೇಕಾದರೂ ಕೆಂಪಲ್ಲಿ ಬರೆಯಬಹುದು. ನೋಡಬೇಕಾದ್ದು ಸಾಲಿನ ಶುರುವಿನಲ್ಲಿ ಕಳಿಸಿದವರ ಹೆಸರು ಇದೆಯಾ, ಅದರ ಮೇಲೆ ಒತ್ತಿದರೆ ಮಾಮೂಲಿ ಆಟಗಾರನ ಪ್ರೊಫೈಲ್ ತೆರೆಯುತ್ತದಾ ಅಂತ. ತೆರೆದರೆ ಅದು ಕಂಪನಿ ಅಲ್ಲ.

ಡೈಮಂಡ್ (ಆಟದೊಳಗಿನ ಹಣ) ಲೆಕ್ಕ ಇರುವುದು ಕಂಪನಿಯ ಸರ್ವರಿನಲ್ಲಿ, ನಿಮ್ಮ ಫೋನ್‌ನಲ್ಲಿ ಅಲ್ಲ. ಹೊರಗಿನ ಯಾವ ಲಿಂಕೂ, ಯಾವ 'ಜನರೇಟರ್' ಆ್ಯಪೂ ಅದನ್ನು ಹೆಚ್ಚಿಸಲು ಆಗುವುದಿಲ್ಲ. ಆ ಲಿಂಕ್ ಕೇಳುವುದು ಗೂಗಲ್ ಅಥವಾ ಫೇಸ್‌ಬುಕ್ ಪಾಸ್‌ವರ್ಡ್, ಇಲ್ಲವೇ ಒಟಿಪಿ. ಮಗ ಅಲ್ಲಿ ಏನಾದರೂ ತುಂಬಿದ್ದರೆ ಇವತ್ತೇ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಲಾಗಿನ್ ಆನ್ ಮಾಡಿ. ಖಾತೆಯಿಂದ ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಮಗನನ್ನು ಬೈಯಬೇಡಿ. ದೊಡ್ಡವರೂ ಬಣ್ಣ ನೋಡಿ ನಂಬುತ್ತಾರೆ, ಬೈದರೆ ಮುಂದಿನ ಸಲ ನಿಮ್ಮಿಂದ ಮುಚ್ಚಿಡುತ್ತಾನೆ.

ಪ್ರಶ್ನೆ: ನಾವು ಇಬ್ಬರು ಸೇರಿ ಒಂದು ಆನ್‌ಲೈನ್ ಆಟ ಮಾಡುತ್ತಿದ್ದೇವೆ. ಆಟಗಾರರಿಗೆ ಚಾಟ್‌ನಲ್ಲಿ ಟ್ಯಾಗ್ ಬಳಸಲು ಬಿಡೋಣವೇ? (ಮಂಗಳೂರು)

ಬಣ್ಣ ಕೊಡಿ, ಟ್ಯಾಗ್ ಕೊಡಬೇಡಿ. ಆರೋ ಎಂಟೋ ಬಣ್ಣಗಳನ್ನು ನೀವೇ ಆರಿಸಿ, ನಿಮ್ಮ ಹಿನ್ನೆಲೆಯ ಮೇಲೆ ಚೆನ್ನಾಗಿ ಓದಲು ಆಗುವಂಥವು, ಆರಿಸಿಕೊಳ್ಳಲು ಬಟನ್ ಇಟ್ಟುಬಿಡಿ. ಸರ್ವರಿನ ಪ್ರಕಟಣೆಗೆ ಅಂತ ಒಂದು ಬಣ್ಣವನ್ನು ತೆಗೆದಿಡಿ, ಅದು ಆಟಗಾರರಿಗೆ ಸಿಗಬಾರದು.

ಆಟಗಾರರು ಬರೆದ ಸಾಲನ್ನು ಯಂತ್ರ ಸೂಚನೆಯಾಗಿ ಓದಿದರೆ ಏನಾಗಬಹುದು ಅನ್ನುವುದಕ್ಕೆ ಎರಡು ಘಟನೆ ಹೇಳುತ್ತೇನೆ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಲೈಬ್ರರಿಯ (ಬೇರೆ ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್) ದೋಷ ಹೊರಬಂತು. ಮೈನ್‌ಕ್ರಾಫ್ಟ್ ಜಾವಾ ಚಾಟ್ ಸಾಲುಗಳನ್ನು ಆ ಲೈಬ್ರರಿಯಿಂದ ದಾಖಲು ಮಾಡುತ್ತಿತ್ತು. ಚಾಟ್‌ನಲ್ಲಿ ಒಂದು ವಿಶೇಷ ಸಾಲು ಬರೆದರೆ ಸಾಕು, ಹೊರಗಿನಿಂದ ಪ್ರೋಗ್ರಾಂ ತಂದು ಓಡಿಸಬಹುದಿತ್ತು. 1.18.1 ಆವೃತ್ತಿ ಬಿಡುಗಡೆ ಮಾಡಿ ಅದನ್ನು ಸರಿ ಮಾಡಿದರು. ಇನ್ನೊಂದು 2023ರ ಡಿಸೆಂಬರ್‌ನದು, ಕೌಂಟರ್-ಸ್ಟ್ರೈಕ್ 2ರಲ್ಲಿ. ಕೆಲವರು ತಮ್ಮ ಹೆಸರಿನಲ್ಲಿ ಚಿತ್ರದ ಟ್ಯಾಗ್ ಹಾಕಿದರು. ಅವರನ್ನು ಹೊರಹಾಕುವ ಮತದಾನದ ಪೆಟ್ಟಿಗೆ ಬಂದಾಗ ಆ ಚಿತ್ರ ಎಲ್ಲರ ಪರದೆಯಲ್ಲಿ ತೆರೆದು, ಜೊತೆಗೆ ಆಟಗಾರರ ಐಪಿ ವಿಳಾಸಗಳೂ (ಇಂಟರ್ನೆಟ್ ಸಂಪರ್ಕದ ವಿಳಾಸ) ಸೋರಿದವು. ಆಟ ಮಾಡಿದ ವಾಲ್ವ್ ಕಂಪನಿ ಆ ದೋಷವನ್ನು ಬೇಗನೆ ಮುಚ್ಚಿತು. ಎರಡೂ ದೊಡ್ಡ ತಂಡಗಳು ಮಾಡಿದ ಆಟಗಳು.

ಟೆಕ್ಸ್ಟ್‌ಮೆಶ್ ಪ್ರೋ ಬಳಸುತ್ತಿದ್ದರೆ ಆಟಗಾರರ ಸಾಲು ತೋರಿಸುವ ಪೆಟ್ಟಿಗೆಯಲ್ಲಿ ರಿಚ್ ಟೆಕ್ಸ್ಟ್ (ಟ್ಯಾಗ್ ಓದುವ ಸೌಕರ್ಯ) ಆಫ್ ಮಾಡಿ, ಹೆಸರಿನ ಬಣ್ಣಕ್ಕೆ ಬೇರೆ ಪೆಟ್ಟಿಗೆ ಇಡಿ. ಬಿಟ್ಟರೆ ಯಾರೋ ಒಬ್ಬ ಸೈಜ್ 500 ಅಂತ ಬರೆದು ಇಡೀ ಪರದೆಗೆ ಒಂದೇ ಅಕ್ಷರ ಹಾಕುತ್ತಾನೆ. 'ಇದರೊಳಗಿನ ಟ್ಯಾಗ್ ಓದಬೇಡ' ಎನ್ನುವ ನೋಪಾರ್ಸ್ ಟ್ಯಾಗ್ ಒಳಗೆ ಇಟ್ಟರೆ ಸಾಕು ಅಂದುಕೊಳ್ಳಬೇಡಿ, ಆಟಗಾರ ತಾನೇ ಅದನ್ನು ಮುಚ್ಚುವ ಟ್ಯಾಗ್ ಬರೆದು ಹೊರಗೆ ಬರುತ್ತಾನೆ. ಗೊಡಾಟ್ ಎಂಜಿನ್ ಆದರೆ ಆಟಗಾರ ಬರೆದ ಪ್ರತಿ ತೆರೆಯುವ ಚೌಕ ಬ್ರಾಕೆಟ್ ಬದಲು [ಎಲ್‌ಬಿ] ಹಾಕಿ, ಆಗ ಬ್ರಾಕೆಟ್ ಬ್ರಾಕೆಟ್ ಆಗಿಯೇ ಕಾಣುತ್ತದೆ. ಹೆಸರಿಗೂ ಇದೇ ನಿಯಮ. ಚಾಟ್ ಸೋಸಿ ಹೆಸರು ಮರೆಯುವವರು ಬಹಳ.

ನೀವು ಮಂಗಳೂರಿನವರು, ಆಡುವವರಲ್ಲಿ ಕನ್ನಡ ಲಿಪಿಯಲ್ಲಿ ಬರೆಯುವವರು ಖಂಡಿತ ಇರುತ್ತಾರೆ, ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುವವರೂ. 2023ರಲ್ಲಿ ಬಂದ ಗೊಡಾಟ್ 4ರಲ್ಲಿ ಹಾರ್ಫ್‌ಬಜ್ ಒಳಗೇ ಇದೆ, ಒತ್ತಕ್ಷರ ಸರಿಯಾಗಿ ಕೂರುತ್ತದೆ. ಯೂನಿಟಿ 6ರ ಯುಐ ಟೂಲ್‌ಕಿಟ್‌ನಲ್ಲೂ ಅಡ್ವಾನ್ಸ್ಡ್ ಟೆಕ್ಸ್ಟ್ ಜನರೇಟರ್ ಆರಿಸಿಕೊಂಡರೆ ಅದೇ ಸೌಕರ್ಯ ಸಿಗುತ್ತದೆ. ಎಂಜಿನ್ ಇನ್ನೂ ನಿರ್ಧಾರ ಆಗಿಲ್ಲ ಅಂದರೆ, ಮೊದಲು 'ಸ್ವಾತಂತ್ರ್ಯ' ಎಂಬ ಪದವನ್ನು ಎರಡರಲ್ಲೂ ಬಿಡಿಸಿ ನೋಡಿ. 'ತಂತ್ರ್ಯ' ಸರಿಯಾಗಿ ಕೂತರೆ ಉಳಿದದ್ದೂ ಕೂರುತ್ತದೆ. ಆಟ ಮುಗಿದ ಮೇಲೆ ಬರೆಯಿರಿ, ಆಡಿ ನೋಡುತ್ತೇನೆ.